ಮೊದಲು ಹಾಳೆ, ಆಮೇಲೆ ಕ್ಯಾಮೆರಾ

ಅಂಗನವಾಡಿಯ ಅಂಗಳದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಪಕ್ಕದವನನ್ನು ತಳ್ಳುತ್ತಾನೆ. ತಳ್ಳಿಸಿಕೊಂಡವನು ಮುಗ್ಗರಿಸಿ, ಸಾವರಿಸಿಕೊಂಡು, ನಗುತ್ತಾನೆ. ಗೋಡೆಯ ಬದಿಯಲ್ಲಿ ಕೂತು ಗಮನಿಸುತ್ತಿರುವ ಇಬ್ಬರು ಮನಶ್ಶಾಸ್ತ್ರ ವಿದ್ಯಾರ್ಥಿಗಳಲ್ಲಿ ಒಬ್ಬರು ಇದನ್ನು ‘ಆಕ್ರಮಣ’ ಎಂದು ಗುರುತು ಹಾಕಿಕೊಂಡರೆ ಇನ್ನೊಬ್ಬರು ‘ಆಟ’ ಎಂದು ಬರೆದುಕೊಳ್ಳಬಹುದು. ಇಬ್ಬರೂ ಕಂಡದ್ದು ಒಂದೇ ಕ್ಷಣವನ್ನು, ಹೆಚ್ಚುಕಡಿಮೆ ಒಂದೇ ಕೋನದಿಂದ. ಕೈಯಲ್ಲಿರುವುದು ಪೆನ್ಸಿಲ್ಲೋ ಟ್ಯಾಬ್ಲೆಟ್ಟೋ ಎಂಬುದರಿಂದ ಅವರ ಭಿನ್ನಾಭಿಪ್ರಾಯ ಒಂದಿಷ್ಟೂ ಕರಗುವುದಿಲ್ಲ. ಹೀಗಿದ್ದರೂ ಸಂಶೋಧನಾ ವಿಧಾನಗಳ ತರಗತಿಗೆ ಏನು ಬೇಕು ಎಂಬ ಮಾತು ಬಂದಾಗ ಚರ್ಚೆ ಸಲಕರಣೆಯ ಕಡೆಗೇ ತಿರುಗುತ್ತದೆ: ಯಾವ ಕ್ಯಾಮೆರಾ, ಯಾವ ಆಪ್, ಯಾವ ಸಾಫ್ಟ್‌ವೇರಿಗೆ ಎಷ್ಟು ಲೈಸೆನ್ಸು. ನನ್ನ ವಾದ ಇಷ್ಟು. ನಡವಳಿಕೆಯನ್ನು ದಾಖಲಿಸಲು ಕಲಿಯುವವರ ಕೈಗೆ ಮೊದಲು ಬರಬೇಕಾದ ಸಾಧನ ಅವರೇ ಗೆರೆ ಎಳೆದು, ಅವರೇ ತಲೆಬರಹ ಬರೆದ ಒಂದು ಹಾಳೆ, ಜೊತೆಗೊಂದು ಗಡಿಯಾರ. ಕ್ಯಾಮೆರಾ, ಸಾಫ್ಟ್‌ವೇರ್ ಎಲ್ಲ ಆಮೇಲಿನ ಮಾತು. ದುಡ್ಡಿಲ್ಲದ ಕಾಲೇಜುಗಳನ್ನು ಸಮಾಧಾನ ಪಡಿಸಲು ಹೇಳುತ್ತಿರುವ ಮಾತಲ್ಲ ಇದು. ದುಡ್ಡು ಧಾರಾಳವಾಗಿರುವ ಕಡೆಯಲ್ಲೂ ಕಲಿಕೆಯ ಕ್ರಮ ಇದೇ ಆಗಿರಬೇಕು.

ಈ ವಿದ್ಯೆ ಹುಟ್ಟಿದ್ದೇ ಕಾಗದದ ಮೇಲೆ. ಅದಕ್ಕೂ ಮೊದಲು ಮಕ್ಕಳ ನಡವಳಿಕೆಯ ದಾಖಲೆ ಎಂದರೆ ಹೆತ್ತವರ ದಿನಚರಿ. ಡಾರ್ವಿನ್ ತನ್ನ ಮಗನ ಶೈಶವದ ಬಗ್ಗೆ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ. ಸೊಗಸಾದ ಬರಹ, ಸೂಕ್ಷ್ಮ ಕಣ್ಣು. ಆದರೆ ದಿನಚರಿಯಲ್ಲಿ ದಾಖಲಾಗುವುದು ಬರೆಯುವವರ ಗಮನ ಸೆಳೆದದ್ದು ಮಾತ್ರ. ಮಗು ಸುಮ್ಮನೆ ಕೂತಿದ್ದ ಹೊತ್ತು ಯಾರ ದಿನಚರಿಗೂ ಬರುವುದಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಫ್ಲಾರೆನ್ಸ್ ಗುಡೆನಫ್, ವಿಲರ್ಡ್ ಓಲ್ಸನ್ ಮೊದಲಾದವರು ಈ ಕೊರತೆಗೆ ಪರಿಹಾರ ಕಂಡುಕೊಂಡರು. ಯಾವ ಮಗುವನ್ನು ಯಾವಾಗ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಕಂಡದ್ದಕ್ಕೆ ಏನು ಹೆಸರಿಡಬೇಕು ಎಂಬುದನ್ನು ನೋಡುವ ಮೊದಲೇ ತೀರ್ಮಾನಿಸಿಕೊಳ್ಳುವುದು. ಅದೇ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಿಲ್ಡ್ರೆಡ್ ಪಾರ್ಟನ್ ಒಂದೊಂದು ಮಗುವನ್ನೂ ಒಂದೊಂದು ನಿಮಿಷದಂತೆ ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ ನೋಡಿ, ಕಂಡದ್ದನ್ನು ಆರು ವರ್ಗಗಳಲ್ಲಿ ಹಂಚಿ 1932ರಲ್ಲಿ ಪ್ರಕಟಿಸಿದಳು. ಸುಮ್ಮನಿರುವುದು, ಒಂಟಿ ಆಟ, ನೋಡುತ್ತ ನಿಲ್ಲುವುದು, ಪಕ್ಕಪಕ್ಕದ ಆಟ, ಜೊತೆ ಆಟ, ಸಹಕಾರದ ಆಟ ಎಂಬ ಆ ಆರು ವರ್ಗಗಳನ್ನು ಬಾಲ್ಯದ ಮನಶ್ಶಾಸ್ತ್ರದ ಪಠ್ಯಪುಸ್ತಕಗಳು ಇಂದಿಗೂ ಬಿಟ್ಟಿಲ್ಲ. ಎರಡು ವರ್ಷದ ಬಳಿಕ, 1934ರಲ್ಲಿ, ಹೆಲೆನ್ ಡಾವ್ ಇನ್ನೊಂದು ದಾರಿ ಹಿಡಿದಳು. ಗಡಿಯಾರ ನೋಡುವ ಬದಲು ಜಗಳಕ್ಕೆ ಕಾದು ಕೂತಳು. ಜಗಳ ಶುರುವಾದೊಡನೆ ಮುದ್ರಿತ ನಮೂನೆಯೊಂದನ್ನು ಎತ್ತಿಕೊಂಡು, ಅದು ಎಷ್ಟು ಹೊತ್ತು ನಡೆಯಿತು, ಅದಕ್ಕೆ ಮೊದಲು ಮಕ್ಕಳು ಏನು ಮಾಡುತ್ತಿದ್ದರು, ಯಾರು ಏನು ಮಾಡಿದರು, ಹೇಗೆ ಮುಗಿಯಿತು ಎಂದು ತುಂಬುತ್ತಿದ್ದಳು. ಹೀಗೆ 200 ಜಗಳಗಳು. ಅವುಗಳ ಸರಾಸರಿ ಆಯುಷ್ಯ ಅರ್ಧ ನಿಮಿಷಕ್ಕಿಂತ ಕಡಿಮೆ.

ಈ ಇಬ್ಬರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಿದರೆ ತರಗತಿಯ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಸರದಿಯಂತೆ ಒಂದೊಂದು ಮಗುವಿಗೆ ಒಂದು ನಿಮಿಷ ಎಂಬ ಪಾರ್ಟನ್‌ಳ ನಿಯಮದಲ್ಲಿ ಕೂತಿದ್ದರೆ ಡಾವ್‌ಳ ಜಗಳಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುತ್ತಿರಲಿಲ್ಲ. ಬೇರೆ ಮಗುವಿನ ಸರದಿ ನಡೆಯುತ್ತಿರುವಾಗ ಅವು ಹುಟ್ಟಿ ಮುಗಿದಿರುತ್ತಿದ್ದವು. ಡಾವ್‌ಳ ನಮೂನೆಯಿಂದ ಪಾರ್ಟನ್‌ಳ ಪ್ರಶ್ನೆಗೆ, ಎಂದರೆ ವಯಸ್ಸಿನೊಂದಿಗೆ ಮಕ್ಕಳ ಒಡನಾಟ ಹೇಗೆ ಬದಲಾಗುತ್ತದೆ ಎಂಬುದಕ್ಕೆ, ಉತ್ತರ ಸಿಗುತ್ತಿರಲಿಲ್ಲ. ಜಗಳವಿಲ್ಲದ ಹೊತ್ತಿನ ಲೆಕ್ಕವೇ ಅದರಲ್ಲಿಲ್ಲ. ಎರಡಕ್ಕೂ ಬೇಕಾದದ್ದು ಕಾಗದ, ಪೆನ್ಸಿಲ್, ಗಡಿಯಾರ. ಸಾಮಗ್ರಿ ಒಂದೇ ಆದರೂ ಸಾಧನಗಳು ಬೇರೆ. ಸಾಧನ ಅನ್ನಿಸಿಕೊಳ್ಳುವುದು ನೋಡುವ ನಿಯಮ. ಆ ನಿಯಮ ಕಾಣುವಂತೆ ಇರುವ ಜಾಗ ಹಾಳೆ.

ನಿಯಮ ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ಹತ್ತು ನಿಮಿಷದ ವೀಕ್ಷಣೆಯನ್ನು 15 ಸೆಕೆಂಡಿನ 40 ತುಣುಕುಗಳಾಗಿ ಒಡೆದುಕೊಳ್ಳೋಣ. ಒಂದು ಮಗು ಪ್ರತಿ ತುಣುಕಿನಲ್ಲೂ ಎರಡೆರಡು ಸೆಕೆಂಡು ಮಾತ್ರ ಬಾಗಿಲ ಕಡೆ ನೋಡುತ್ತದೆ ಎಂದಿಟ್ಟುಕೊಳ್ಳಿ. ವಾಸ್ತವದಲ್ಲಿ ಅದು ಬಾಗಿಲು ನೋಡಿದ್ದು 80 ಸೆಕೆಂಡು, ಒಟ್ಟು ಹೊತ್ತಿನ ಶೇ. 13ರಷ್ಟು. ‘ತುಣುಕಿನಲ್ಲಿ ಒಮ್ಮೆಯಾದರೂ ನೋಡಿದರೆ ಟಿಕ್’ ಎಂಬ ನಿಯಮದಲ್ಲಿ 40ಕ್ಕೆ 40 ಟಿಕ್ಕು ಬೀಳುತ್ತವೆ, ವರದಿಯಲ್ಲಿ ಶೇ. 100. ‘ತುಣುಕಿನ ಉದ್ದಕ್ಕೂ ನೋಡಿದರೆ ಮಾತ್ರ ಟಿಕ್’ ಎಂದರೆ ಸೊನ್ನೆ. ‘ತುಣುಕು ಮುಗಿಯುವ ಕ್ಷಣದಲ್ಲಿ ನೋಡುತ್ತಿದ್ದರೆ ಟಿಕ್’ ಎಂದರೆ, ನೋಟ ತುಣುಕಿನೊಳಗೆ ಎಲ್ಲೆಂದರಲ್ಲಿ ಬೀಳುವುದಾದರೆ, ಉತ್ತರ ಶೇ. 13ರ ಆಸುಪಾಸಿಗೆ ಬರುತ್ತದೆ. ಮಗು ಒಂದೇ, ನೋಡುವ ಕಣ್ಣು ಒಂದೇ, ತಪ್ಪು ಎಲ್ಲೂ ಆಗಿಲ್ಲ. ಆದರೂ ನೂರು, ಸೊನ್ನೆ, ಹದಿಮೂರು ಎಂಬ ಮೂರು ಉತ್ತರಗಳು. ಜರಡಿಯ ಕಣ್ಣಿನ ಅಳತೆ ಬದಲಾದರೆ ಕೆಳಗೆ ಬೀಳುವ ಹಿಟ್ಟು ಬದಲಾದ ಹಾಗೆ. ಜೀನ್ ಆಲ್ಟ್‌ಮನ್ 1974ರಲ್ಲಿ ‘ಬಿಹೇವಿಯರ್’ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನ ಈ ವಿಷಯವನ್ನು ಬಿಡಿಸಿ ಹೇಳಿ ಪ್ರಾಣಿವರ್ತನೆಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಗಣಿತ ಓದಿ ಬಂದು, ಕೀನ್ಯಾದ ಅಂಬೊಸೆಲಿಯಲ್ಲಿ ಬಬೂನ್‌ಗಳ ಹಿಂದೆ ಅಲೆದ ಆಕೆ, ಅಲ್ಲಿಯವರೆಗೆ ಧಾರಾಳವಾಗಿ ಬಳಕೆಯಲ್ಲಿದ್ದ ‘ಒಮ್ಮೆಯಾದರೂ ಕಂಡರೆ ಟಿಕ್’ ನಿಯಮವನ್ನು ಖಂಡಿಸಿದಳು. ಅದರಿಂದ ಬರುವ ಅಂಕಿ ಎಷ್ಟು ಸಲ ಎಂಬುದನ್ನೂ ಹೇಳುವುದಿಲ್ಲ, ಎಷ್ಟು ಹೊತ್ತು ಎಂಬುದನ್ನೂ ಹೇಳುವುದಿಲ್ಲ ಎಂಬುದು ಆಕ್ಷೇಪದ ತಿರುಳು. ಮನಸ್ಸಿಗೆ ಬಂದದ್ದನ್ನು ಬರೆದುಕೊಳ್ಳುತ್ತ ಹೋದರೆ ಗದ್ದಲ ಮಾಡುವ ಪ್ರಾಣಿಗಳೇ ಪುಟ ತುಂಬುತ್ತವೆ, ಮೂಲೆಯಲ್ಲಿ ಕೂತವು ಇಲ್ಲವಾಗುತ್ತವೆ ಎಂದೂ ಎಚ್ಚರಿಸಿದಳು. ಶಾಲೆಯ ತರಗತಿಗೂ ಈ ಮಾತನ್ನು ಅಕ್ಷರ ಬದಲಿಸದೆ ಅನ್ವಯಿಸಬಹುದು.

ಕರ್ನಾಟಕದ ಮನಶ್ಶಾಸ್ತ್ರಕ್ಕೆ ಇದು ಹೊರಗಿನ ಸಂಗತಿಯೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಪಶ್ಚಿಮ ಘಟ್ಟದ ಸಿಂಗಳೀಕಗಳನ್ನೂ ಕಾಡುಪಾಪಗಳನ್ನೂ ಅಧ್ಯಯನ ಮಾಡಿದರು. ಮರದ ತುದಿಯಲ್ಲಿ ಚದುರಿ ಓಡಾಡುವ ಸಿಂಗಳೀಕದ ಗುಂಪಿನಲ್ಲಿ ಎಲ್ಲವನ್ನೂ ಎಲ್ಲ ಹೊತ್ತೂ ನೋಡುವುದು ಆಗದ ಮಾತು. ಯಾವುದನ್ನು, ಯಾವಾಗ, ಯಾವ ಹೆಸರಿನಲ್ಲಿ ಬರೆದುಕೊಳ್ಳಬೇಕೆಂಬ ನಿಯಮ ಮೊದಲೇ ಇಲ್ಲದೆ ಕಾಡಿಗೆ ಹೋಗಿ ಪ್ರಯೋಜನವಿಲ್ಲ. ಆದರೆ ಅದೇ ಮನಶ್ಶಾಸ್ತ್ರದ ಪದವಿ ಪ್ರಾಕ್ಟಿಕಲ್‌ಗಳನ್ನು ನೋಡಿ. ಮ್ಯುಲರ್-ಲೈಯರ್ ಭ್ರಮೆಯ ಹಲಗೆ, ಕನ್ನಡಿಯಲ್ಲಿ ನೋಡಿ ನಕ್ಷತ್ರ ಗೀಚುವ ಸಲಕರಣೆ, ಜಟಿಲಪಥ, ಚಿಮುಟದಿಂದ ಮೊಳೆ ಸಿಕ್ಕಿಸುವ ಕೈಚಳಕದ ಫಲಕ. ಇವು ಕಲಿಸುವ ಶಿಸ್ತನ್ನು ಹಗುರವಾಗಿ ಕಾಣಬೇಕಿಲ್ಲ. 1924ರಲ್ಲಿ ಮೈಸೂರಿನಲ್ಲಿ ಈ ವಿಭಾಗವನ್ನು ಕಟ್ಟಲು ಹೊರಟ ಎಂ.ವಿ. ಗೋಪಾಲಸ್ವಾಮಿಯವರಿಗೂ ಯಂತ್ರೋಪಕರಣದ ಮೇಲೆ ಅಪಾರ ಪ್ರೀತಿ. 1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ಎಂದು ರೇಡಿಯೋ ಪ್ರಸಾರ ಶುರುಮಾಡಿದವರು ಅವರು. ನನ್ನ ತಕರಾರು ಬೇರೆ. ಭ್ರಮೆಯ ಹಲಗೆಯಲ್ಲಿ ಅಳತೆಯ ಮಾನ ಮೊದಲೇ ತೀರ್ಮಾನವಾಗಿದೆ. ಮಿಲಿಮೀಟರ್ ಎಂದರೇನು ಎಂದು ವಿದ್ಯಾರ್ಥಿ ಯೋಚಿಸಬೇಕಾಗಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಕಂಡದ್ದನ್ನು ರೆಕಾರ್ಡ್ ಬುಕ್ಕಿಗೆ ಇಳಿಸಿದರೆ ಮುಗಿಯಿತು. ಇಂಥ ಹತ್ತು ಪ್ರಯೋಗ ಮಾಡಿದ ಮೇಲೆ, ಅಳತೆ ಪೆಟ್ಟಿಗೆಯೊಳಗೇ ಇರುತ್ತದೆ, ಪೆಟ್ಟಿಗೆ ದುಬಾರಿಯಾದಷ್ಟೂ ಅಳತೆ ಸರಿಯಾಗುತ್ತದೆ ಎಂಬ ನಂಬಿಕೆ ತಾನಾಗಿ ಬೆಳೆಯುತ್ತದೆ. ಅಂಗಳದಲ್ಲಿ ಆಡುವ ಮಗುವಿನ ಮುಂದೆ ಆ ನಂಬಿಕೆ ಕೆಲಸಕ್ಕೆ ಬಾರದು. ಅಲ್ಲಿ ಅಳತೆಯ ಮಾನವನ್ನೇ ನಾವು ಮಾಡಿಕೊಳ್ಳಬೇಕು.

ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಒಂದೇ ಒಂದು ಸಾಲನ್ನು ಬರೆಯಲು ಹೊರಟಾಗ ಗೊತ್ತಾಗುತ್ತದೆ. ‘ತಳ್ಳುವುದು’ ಎಂಬ ಸಾಲು ಬೇಕು ಎನ್ನಿ. ಅಂಗೈಯಿಂದ ತಳ್ಳಿದರೆ ಸರಿ, ಭುಜದಿಂದ ನೂಕಿದರೆ? ಸಾಲಿನಲ್ಲಿ ನಿಂತಾಗ ಹಿಂದಿನವರ ಒತ್ತಡಕ್ಕೆ ತಗುಲಿದರೆ? ಇನ್ನೊಂದು ಮಗುವಿನ ಕೈಯಲ್ಲಿದ್ದ ಗೊಂಬೆಯನ್ನು ತಳ್ಳಿದರೆ? ಮೂರು ಸಲ ಬೆನ್ನುಬೆನ್ನಿಗೆ ತಳ್ಳಿದರೆ ಒಂದೋ ಮೂರೋ? ನಡುವೆ ಎಷ್ಟು ಸೆಕೆಂಡು ಬಿಡುವಿದ್ದರೆ ಎರಡನೆಯದನ್ನು ಹೊಸದೆಂದು ಎಣಿಸಬೇಕು? ‘ಉದ್ದೇಶಪೂರ್ವಕವಾಗಿ’ ಎಂಬ ಪದವನ್ನು ಸೇರಿಸಿ ಪಾರಾಗೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಉದ್ದೇಶ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕೈ, ದೂರ, ಮುಖ, ಆಮೇಲೆ ನಡೆದದ್ದು. ಪಾರ್ಟನ್‌ಳ ‘ಪಕ್ಕಪಕ್ಕದ ಆಟ’ವೂ ಹೀಗೆಯೇ. ಎರಡು ಮಕ್ಕಳು ಒಂದೇ ಬಗೆಯ ಆಟಿಕೆ ಹಿಡಿದು ಅಕ್ಕಪಕ್ಕ ಕೂತಿದ್ದಾರೆ, ಒಬ್ಬರಿಗೊಬ್ಬರು ಸೇರಿಕೊಂಡಿಲ್ಲ. ಎಷ್ಟು ಹತ್ತಿರ ಇದ್ದರೆ ಪಕ್ಕ, ಎಷ್ಟು ದೂರವಾದರೆ ಒಂಟಿ? ಕೈ ಚಾಚಿದರೆ ಸಿಗುವಷ್ಟು ಎಂದು ನಿಯಮ ಮಾಡಬಹುದು, ಒಂದು ಚಾಪೆಯ ಮೇಲೆ ಎಂದೂ ಮಾಡಬಹುದು. ಯಾವುದನ್ನಾದರೂ ಮಾಡಿ ಬರೆದಿಡಲೇಬೇಕು. ಹಾಳೆಯ ತಲೆಯಲ್ಲಿ ವೀಕ್ಷಕರ ಹೆಸರು, ಜಾಗ, ಶುರುವಾದ ಹೊತ್ತು, ಎಡಕ್ಕೆ ಸಮಯ, ಮೇಲೆ ನಡವಳಿಕೆಗಳು, ಅಂಚಿನಲ್ಲಿ ‘ಆಯಾ ಬಂದರು’, ‘ಮಳೆ ಶುರು’ ಎಂದು ಗೀಚಲು ಜಾಗ. ಇವೆಲ್ಲ ಎಲ್ಲರಿಗೂ ಹೊಳೆಯುತ್ತವೆ. ಹೆಚ್ಚಿನವರು ಮರೆಯುವ ಕಲಮು ಒಂದಿದೆ: ‘ಕಾಣಲಿಲ್ಲ’. ಮಗು ಕಂಬದ ಮರೆಗೆ ಹೋದಾಗ ಟಿಕ್ ಬೀಳದಿದ್ದರೆ, ಕೊನೆಯ ಲೆಕ್ಕದಲ್ಲಿ ಅದು ‘ಮಾಡಲಿಲ್ಲ’ ಎಂದೇ ಸೇರಿಹೋಗುತ್ತದೆ. ನೋಡದಿದ್ದದ್ದಕ್ಕೂ ನಡೆಯದಿದ್ದದ್ದಕ್ಕೂ ವ್ಯತ್ಯಾಸ ತಿಳಿಯದ ದತ್ತಾಂಶ ಎಷ್ಟು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದರೂ ಅಷ್ಟೆ.

ನಿಯಮ ಸರಿಯಿದೆಯೇ ಎಂದು ತಿಳಿಯಲು ಇರುವ ಸರಳ ದಾರಿ ಇಬ್ಬರು ಒಂದೇ ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ನೋಡದೆ, ದಾಖಲಿಸಿ ಹೋಲಿಸುವುದು. ಇಲ್ಲಿಯೂ ಒಂದು ಮೋಸದ ಗುಂಡಿ ಇದೆ. ನೂರು ತುಣುಕುಗಳ ವೀಕ್ಷಣೆಯಲ್ಲಿ ಒಬ್ಬರು ಐದು ಕಡೆ ‘ತಳ್ಳಿದ’ ಎಂದಿದ್ದಾರೆ, ಇನ್ನೊಬ್ಬರೂ ಐದು ಕಡೆ ಎಂದಿದ್ದಾರೆ, ಆದರೆ ಒಂದು ಕಡೆಯೂ ಇಬ್ಬರ ಗುರುತು ಕೂಡಿಲ್ಲ. ಉಳಿದ 90 ತುಣುಕುಗಳಲ್ಲಿ ಇಬ್ಬರೂ ‘ಇಲ್ಲ’ ಎಂದಿದ್ದಾರೆ. ಶೇಕಡಾವಾರು ಲೆಕ್ಕದಲ್ಲಿ ಇವರ ಒಮ್ಮತ ಶೇ. 90! ಯಾರನ್ನು ಕೇಳಿದರೂ ಭೇಷ್ ಎನ್ನುವ ಅಂಕಿ. ಆದರೆ ನಡವಳಿಕೆ ಅಪರೂಪದ್ದಾದ್ದರಿಂದ ಕಣ್ಣುಮುಚ್ಚಿ ಟಿಕ್ ಹಾಕಿದ್ದರೂ ಶೇ. 90.5ರಷ್ಟು ಒಮ್ಮತ ತಾನಾಗಿ ಬರುತ್ತಿತ್ತು. ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಎಂಬ ಅಳತೆ ಆಕಸ್ಮಿಕದ ಈ ಪಾಲನ್ನು ಕಳೆದು ಲೆಕ್ಕ ಹಾಕುತ್ತದೆ. ಈ ಜೋಡಿಗೆ ಬರುವ ಕಪ್ಪಾ ಸೊನ್ನೆಗಿಂತಲೂ ಕೆಳಗೆ, ಸುಮಾರು -0.05. ಸಾಫ್ಟ್‌ವೇರ್ ಈ ಅಂಕಿಯನ್ನು ಒಂದು ಗುಂಡಿ ಒತ್ತಿದರೆ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಕಲಿಯುವವರಿಗೆ ಬೇಕಾದದ್ದು ಅಂಕಿಗಿಂತ ಅದರ ಹಿಂದಿನ ಕಾರಣ. ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದಾಗ, ಒಬ್ಬರು ಭುಜದ ನೂಕಾಟವನ್ನು ಸೇರಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ನಿಯಮ ತಿದ್ದಿ ಮತ್ತೆ ಹೋಗಿ ನೋಡಬಹುದು. ಒಮ್ಮೆ ಪರೀಕ್ಷಿಸಿ ಬಿಟ್ಟರೂ ಸಾಲದು. ಜಾನ್ ರೀಡ್ 1970ರಲ್ಲಿ ತೋರಿಸಿದಂತೆ, ತಮ್ಮ ದಾಖಲೆಯನ್ನು ಯಾರೋ ತಾಳೆ ನೋಡುತ್ತಿದ್ದಾರೆ ಎಂದು ತಿಳಿದಿದ್ದಾಗ ಚೆನ್ನಾಗಿದ್ದ ವೀಕ್ಷಕರ ಒಮ್ಮತ, ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಗಣನೀಯವಾಗಿ ಕುಸಿಯಿತು. ತರಬೇತಿ ಪಡೆದವರ ಕಥೆಯೇ ಹೀಗಾದರೆ ಎರಡನೇ ವರ್ಷದ ವಿದ್ಯಾರ್ಥಿಗಳ ಪಾಡು ಕೇಳಬೇಕೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಬಲವಾದದ್ದೂ ಹೌದು: ವಿಡಿಯೋ ಮಾಡಿಕೊಂಡರೆ ಏನೂ ಕಳೆದುಹೋಗುವುದಿಲ್ಲ, ನಿಯಮ ತಪ್ಪಾಗಿದ್ದರೆ ತಿದ್ದಿ ಮತ್ತೆ ನೋಡಬಹುದು, ಹಾಳೆಯಲ್ಲಿ ಹೋದದ್ದು ಹೋಯಿತು. ಕೆಲವು ಕೆಲಸಗಳಿಗೆ ಈ ಮಾತು ಪೂರ್ತಿ ನಿಜ. ಪಾಲ್ ಎಕ್ಮನ್ ಮತ್ತು ವ್ಯಾಲೆಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದ ಮುಖಚಲನೆಯ ಕೋಡ್ ಪದ್ಧತಿಯಲ್ಲಿ ಒಂದು ನಿಮಿಷದ ವಿಡಿಯೋವನ್ನು ಪೂರ್ತಿ ಗುರುತಿಸಲು ಪಳಗಿದವರಿಗೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಅಂಥದ್ದನ್ನು ಪೆನ್ಸಿಲ್ ಹಿಡಿದು ನೇರವಾಗಿ ನೋಡಿ ಬರೆಯುವುದು ಹುಚ್ಚು ಸಾಹಸ. ಯೇಲ್‌ನಲ್ಲಿ ಆರ್ನಾಲ್ಡ್ ಗೆಸೆಲ್ ಗುಮ್ಮಟದಾಕಾರದ ಚಿತ್ರೀಕರಣದ ಕೋಣೆ ಕಟ್ಟಿಸಿದ್ದು ಶಿಶುಗಳ ಚಲನೆಯನ್ನು ಚೌಕಟ್ಟು ಚೌಕಟ್ಟಾಗಿ ನೋಡಲಿಕ್ಕೇ. ಆದರೆ ಏನೂ ಕಳೆದುಹೋಗುವುದಿಲ್ಲ ಎಂಬುದು ಸರಿಯಲ್ಲ. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಿದಿರಿ, ಯಾರ ಕಡೆ ತಿರುಗಿಸಿದಿರಿ ಎಂಬುದು ಕೂಡ ಯಾರನ್ನು ಯಾವಾಗ ನೋಡಬೇಕು ಎಂಬ ತೀರ್ಮಾನವೇ. ಬರೆದಿಡದೆ ತೆಗೆದುಕೊಂಡ ತೀರ್ಮಾನ. ಇನ್ನು ನಡವಳಿಕೆಗೆ ಹೆಸರಿಡುವ ಕಷ್ಟವನ್ನು ವಿಡಿಯೋ ಮುಂದಕ್ಕೆ ಹಾಕುತ್ತದೆಯೇ ಹೊರತು ಬಗೆಹರಿಸುವುದಿಲ್ಲ. ಆರಂಭದಲ್ಲಿ ಉದಾಹರಿಸಿದ ತಳ್ಳಾಟವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡಿದರೂ, ‘ಆಕ್ರಮಣ’ದ ವ್ಯಾಖ್ಯೆ ಇಲ್ಲದೆ ಇಬ್ಬರು ಒಂದು ಮಾತಿಗೆ ಬರಲಾರರು.

ನೋಡುವವರ ನಿರೀಕ್ಷೆಯೂ ವಿಡಿಯೋದೊಳಕ್ಕೆ ನುಸುಳುತ್ತದೆ. ಈ ವಿಷಯದಲ್ಲಿ ಪುರಾವೆ ಸಿಕ್ಕಿರುವುದು ವಿದ್ಯಾರ್ಥಿಗಳಿಂದಲೇ. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಪ್ರಯೋಗ ಕಲಿಯುತ್ತಿದ್ದ 12 ವಿದ್ಯಾರ್ಥಿಗಳಿಗೆ ತಲಾ ಐದು ಇಲಿ ಕೊಟ್ಟು, ಅರ್ಧ ಜನಕ್ಕೆ ‘ಇವು ಚುರುಕು ತಳಿ’ ಎಂದೂ ಉಳಿದವರಿಗೆ ‘ಇವು ಮಂದ ತಳಿ’ ಎಂದೂ ಹೇಳಿದರು. ಇಲಿಗಳಲ್ಲಿ ಅಂಥ ಭೇದವೇ ಇರಲಿಲ್ಲ. ಆದರೂ ದಾಖಲೆಯಲ್ಲಿ ‘ಚುರುಕು’ ಇಲಿಗಳೇ ಮುಂದಿದ್ದವು. ಇದರಲ್ಲಿ ಎಷ್ಟು ಪಾಲು ಇಲಿಗಳನ್ನು ನಯವಾಗಿ ಹಿಡಿದದ್ದರಿಂದ, ಎಷ್ಟು ಪಾಲು ಉದಾರವಾಗಿ ಎಣಿಸಿದ್ದರಿಂದ ಎಂದು ಬೇರ್ಪಡಿಸುವುದು ಕಷ್ಟ. ಅದೇ ವರ್ಷ ಕೊರ್ಡಾರೊ ಮತ್ತು ಐಸನ್ ಚಪ್ಪಟೆಹುಳುಗಳನ್ನು ನೋಡಿ ತಲೆ ತಿರುಗಿಸುವುದನ್ನೂ ಮೈ ಕುಗ್ಗಿಸುವುದನ್ನೂ ಎಣಿಸಲು ವಿದ್ಯಾರ್ಥಿಗಳನ್ನು ಕೂರಿಸಿದರು. ಹೆಚ್ಚು ಚಲನೆ ಇರುತ್ತದೆ ಎಂದು ಹೇಳಿಸಿಕೊಂಡವರು, ಕಡಿಮೆ ಇರುತ್ತದೆ ಎಂದು ಹೇಳಿಸಿಕೊಂಡವರಿಗಿಂತ ಬಹಳ ಹೆಚ್ಚು ಎಣಿಸಿದರು. ಹುಳುವನ್ನು ನಯವಾಗಿ ಮಾತಾಡಿಸಿ ತಲೆ ತಿರುಗಿಸುವಂತೆ ಮಾಡುವುದು ಸಾಧ್ಯವಿಲ್ಲವಷ್ಟೆ! ಇವೆರಡೂ ನೇರ ವೀಕ್ಷಣೆಯ ಕಾಲದವು ಎಂದು ಪಕ್ಕಕ್ಕಿಡುವವರು 2014ರಲ್ಲಿ ಬೆಲ್ಜಿಯಂನ ಸಂಶೋಧಕರು ಪಶುವೈದ್ಯ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವನ್ನು ನೋಡಬೇಕು. ಅಲ್ಲಿ ನೋಡಿಸಿದ್ದು ವಿಡಿಯೋವನ್ನೇ. ಅವವೇ ಕೋಳಿಗಳನ್ನು ಸಾವಯವ ಸಾಕಣೆಯವು ಎಂದು ಹೇಳಿ ತೋರಿಸಿದಾಗ ಒಂದು ಬಗೆಯ ಅಂಕ, ಮಾಮೂಲಿ ಸಾಕಣೆಯವು ಎಂದಾಗ ಇನ್ನೊಂದು ಬಗೆಯ ಅಂಕ ಬಂತು. ಮರುನೋಟದ ಸೌಲಭ್ಯ ಪೂರ್ವಗ್ರಹಕ್ಕೆ ಮದ್ದಲ್ಲ. ಮದ್ದು ಬೇರೆ ಇದೆ: ಯಾವ ಗುಂಪನ್ನು ನೋಡುತ್ತಿದ್ದೇನೆ ಎಂಬುದು ನೋಡುವವರಿಗೆ ತಿಳಿಯದಂತೆ ಮಾಡುವುದು. ಅದಕ್ಕೆ ಬೇಕಾದದ್ದು ಕವರುಗಳ ಮೇಲೆ ಹೆಸರಿನ ಬದಲು ನಂಬರು ಬರೆದು, ಕೀಲಿಪಟ್ಟಿಯನ್ನು ಮೂರನೆಯವರ ಹತ್ತಿರ ಇಡುವುದಷ್ಟೆ.

ವಿಡಿಯೋದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ನಿಮಿಷದ ವಿಡಿಯೋ ನೋಡಲು ಹತ್ತು ನಿಮಿಷ ಸಾಲುವುದಿಲ್ಲ; ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುವಷ್ಟರಲ್ಲಿ ಪ್ರಾಕ್ಟಿಕಲ್ ಅವಧಿ ಮುಗಿದಿರುತ್ತದೆ. ಮಕ್ಕಳ ಮುಖವಿರುವ ಚಿತ್ರ ಇನ್ನೊಂದು ಜವಾಬ್ದಾರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆ. ಸಂಶೋಧನೆಗೆ ಅದರಲ್ಲಿ ವಿನಾಯಿತಿಯ ಬಾಗಿಲು ಇದೆ, ಆದರೆ ನಲವತ್ತು ವಿದ್ಯಾರ್ಥಿಗಳ ನಲವತ್ತು ಫೋನುಗಳಲ್ಲಿ ಅಂಗನವಾಡಿಯ ಮಕ್ಕಳ ವಿಡಿಯೋ ಉಳಿಯುವುದನ್ನು ಆ ಬಾಗಿಲಿನಿಂದ ಸಾಗಿಸಲು ಹೊರಡುವುದು ವಿವೇಕವಲ್ಲ. ‘ಮಗು 3’ ಎಂದಷ್ಟೇ ಬರೆದ ಹಾಳೆ ಕಳೆದುಹೋದರೂ ಯಾರ ಮಗುವೂ ಬಯಲಾಗುವುದಿಲ್ಲ. ಕಾಯ್ದೆ ಏನೇ ಹೇಳಲಿ, ಹೆತ್ತವರ ಮತ್ತು ಕಾರ್ಯಕರ್ತೆಯ ಒಪ್ಪಿಗೆ ಹಾಳೆಗೂ ಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಎರಡನೇ ಆಕ್ಷೇಪ ಉದ್ಯೋಗದ ಕಡೆಯಿಂದ ಬರುತ್ತದೆ. ಮುಂದೆ ಪ್ರಯೋಗಾಲಯಕ್ಕೋ ಸಂಸ್ಥೆಗೋ ಹೋಗುವವರು ಸಾಫ್ಟ್‌ವೇರ್ ಬಳಸುತ್ತಾರೆ. ಇಲ್ಲಿ ಪೆನ್ಸಿಲ್ ಹಿಡಿಸಿ ಕಾಲ ಕಳೆಯುವುದೇಕೆ? ಈಗಂತೂ ದುಡ್ಡಿನ ನೆಪವೂ ಇಲ್ಲ. ನೆದರ್ಲೆಂಡ್ಸಿನ ನೋಲ್ಡಸ್ ಕಂಪನಿಯ ‘ಆಬ್ಸರ್ವರ್’ ದುಬಾರಿ ಎನ್ನುವವರಿಗೆ ಇಟಲಿಯ ಟೂರಿನ್ ವಿಶ್ವವಿದ್ಯಾಲಯದಲ್ಲಿ ಫ್ರಿಯಾರ್ ಮತ್ತು ಗಾಂಬಾ ರೂಪಿಸಿ 2016ರಲ್ಲಿ ಪ್ರಕಟಿಸಿದ ‘ಬೋರಿಸ್’ ಇದೆ, ಸಂಪೂರ್ಣ ಉಚಿತ. ಭಾಷೆ, ಸನ್ನೆಗಳ ಅಧ್ಯಯನಕ್ಕೆ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ‘ಎಲಾನ್’ ಇದೆ, ಅದೂ ಉಚಿತ. ಈ ಆಕ್ಷೇಪದ ಬಹುಭಾಗವನ್ನು ನಾನು ಒಪ್ಪುತ್ತೇನೆ. ಒಂದು ನಡವಳಿಕೆ ಎಷ್ಟು ಸೆಕೆಂಡು ನಡೆಯಿತು, ಯಾವುದರ ಹಿಂದೆ ಯಾವುದು ಬಂತು ಎಂದು ತಿಳಿಯಬೇಕಾದರೆ ಹಾಳೆ ಸೋಲುತ್ತದೆ. ಬರೆಯಲು ತಲೆ ತಗ್ಗಿಸಿದ ಎರಡು ಸೆಕೆಂಡಿನಲ್ಲಿ ನಡೆದದ್ದು ತಪ್ಪಿಹೋಗುತ್ತದೆ, ಹಾಳೆಯಿಂದ ಕಂಪ್ಯೂಟರಿಗೆ ಇಳಿಸುವಾಗ ಅಂಕಿ ಅದಲುಬದಲಾಗುತ್ತದೆ. ಆದ್ದರಿಂದ ಸೆಮಿಸ್ಟರಿನ ದ್ವಿತೀಯಾರ್ಧದಲ್ಲಿ ಬೋರಿಸ್ ಬರಲಿ. ಗಮನಿಸಬೇಕಾದದ್ದೇನೆಂದರೆ, ಬೋರಿಸ್ ತೆರೆದ ಕೂಡಲೇ ಅದು ಕೇಳುವುದು ನಡವಳಿಕೆಗಳ ಪಟ್ಟಿಯನ್ನು. ಪ್ರತಿಯೊಂದೂ ಕ್ಷಣದ ಘಟನೆಯೋ ಕಾಲಾವಧಿಯುಳ್ಳ ಸ್ಥಿತಿಯೋ ಎಂದು ನಾವೇ ಹೇಳಬೇಕು. ಹಾಳೆಯ ಮೇಲೆ ಮೂರು ಸಲ ಪಟ್ಟಿ ಮಾಡಿ, ಮೂರು ಸಲ ಹರಿದು ಹಾಕಿದವರು ಆ ಖಾಲಿ ಜಾಗವನ್ನು ತುಂಬಬಲ್ಲರು. ಉಳಿದವರು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾರದೋ ಪಟ್ಟಿಯನ್ನು ತಂದು ಅಂಟಿಸುತ್ತಾರೆ, ಆ ಪಟ್ಟಿ ಯಾವ ಊರಿನ ಯಾವ ಶಾಲೆಯ ಮಕ್ಕಳಿಗಾಗಿ ಮಾಡಿದ್ದೆಂದು ಕೇಳದೆಯೇ.

ಕೃತಕ ಬುದ್ಧಿಮತ್ತೆಯ ಮಾತು ಇದರ ಮುಂದುವರಿಕೆ. 2018ರಲ್ಲಿ ಬಂದ ‘ಡೀಪ್‌ಲ್ಯಾಬ್‌ಕಟ್’ನಂಥ ಸಾಧನಗಳು ಪ್ರಾಣಿಯ ಮೈಮೇಲೆ ಯಾವ ಗುರುತೂ ಹಚ್ಚದೆ ಮೂತಿ, ಕಿವಿ, ಪಂಜಗಳ ಜಾಗವನ್ನು ವಿಡಿಯೋದಲ್ಲಿ ಹಿಂಬಾಲಿಸುತ್ತವೆ. ಅದ್ಭುತವಾದ ಕೆಲಸ, ಸಂಶಯವಿಲ್ಲ. ಆದರೆ ಆ ಸಾಧನಕ್ಕೆ ಕಲಿಸಲು ಮನುಷ್ಯರು ಚಿತ್ರಗಳ ಮೇಲೆ ಕೈಯಾರೆ ಗುರುತು ಹಾಕಬೇಕು. ಪಂಜ ಎಲ್ಲಿದೆ ಎಂಬುದರಿಂದ ಪ್ರಾಣಿ ಏನು ಮಾಡುತ್ತಿದೆ ಎಂಬುದಕ್ಕೆ ಹೋಗಲು ಮತ್ತೆ ಮನುಷ್ಯರದೇ ವರ್ಗೀಕರಣ ಬೇಕು. ಆಟವನ್ನೂ ಜಗಳವನ್ನೂ ಬೇರ್ಪಡಿಸಲು ಬಾರದ ಇಬ್ಬರ ಗುರುತುಗಳಿಂದ ಕಲಿತ ಯಂತ್ರ ಆ ಗೊಂದಲವನ್ನೇ ಒಂಚೂರೂ ದಣಿಯದೆ, ಸಾವಿರಾರು ಗಂಟೆಗಳ ವಿಡಿಯೋದ ಮೇಲೆ ಒಂದೇ ಸಮನೆ ಹರಡುತ್ತದೆ. ಯಾವತ್ತೂ ಒಂದೇ ಉತ್ತರ ಕೊಡುವುದರಿಂದ ಅದು ನಂಬಲರ್ಹವಾಗಿ ಕಾಣುವುದೇ ಹೆಚ್ಚಿನ ಅಪಾಯ.

ನನಗೆ ನಿಜವಾಗಿ ತಲೆ ಕೆಡಿಸುವ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಾಳೆಯ ಚೌಕಗಳು ಬದುಕನ್ನು ಕೊಚ್ಚಿ ಹಾಕುತ್ತವೆ; ಮಗುವಿನ ಒಂದು ಮುಂಜಾನೆಯನ್ನು 240 ಟಿಕ್ಕುಗಳಾಗಿ ಮಾಡಿದರೆ ಮಗು ಎಲ್ಲಿ ಉಳಿಯಿತು ಎಂಬುದು. ರೋಜರ್ ಬಾರ್ಕರ್ ಮತ್ತು ಹರ್ಬರ್ಟ್ ರೈಟ್ ಇದಕ್ಕೆ ಉತ್ತರವೆಂಬಂತೆ 1951ರಲ್ಲಿ ಒಂದು ಪುಸ್ತಕ ತಂದರು. ಕಾನ್ಸಾಸ್ ರಾಜ್ಯದ ಪುಟ್ಟ ಊರೊಂದರಲ್ಲಿ 1949ರ ಏಪ್ರಿಲ್ 26ರಂದು ಏಳು ವರ್ಷದ ಹುಡುಗನೊಬ್ಬ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಾಡಿದ್ದನ್ನೆಲ್ಲ ಎಂಟು ಮಂದಿ ವೀಕ್ಷಕರು ಸರದಿಯ ಮೇಲೆ ಬರೆದುಕೊಂಡ ದಾಖಲೆ ಅದು. ಯಾವ ವರ್ಗವೂ ಇಲ್ಲ, ಟಿಕ್ಕೂ ಇಲ್ಲ. ಇಂಥ ಬರಹದಿಂದ ಶುರುಮಾಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಸಾಲುಗಳನ್ನು ಎಳೆಯುವ ಮೊದಲು ಒಂದೆರಡು ದಿನ ಸುಮ್ಮನೆ ನೋಡಿ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯಲಿ. ಒಳ್ಳೆಯ ವರ್ಗಗಳು ಆ ಬರಹದಿಂದಲೇ ಹುಟ್ಟುತ್ತವೆ. ಆದರೆ ಆಕ್ಷೇಪ ಅಲ್ಲಿಗೆ ಮುಗಿಯುವುದಿಲ್ಲ. ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರ 1961ರ ಬೋಬೋ ಗೊಂಬೆಯ ಪ್ರಯೋಗದಲ್ಲಿ 72 ಮಕ್ಕಳನ್ನು ಒಮ್ಮುಖ ಕನ್ನಡಿಯ ಹಿಂದಿನಿಂದ ತಲಾ 20 ನಿಮಿಷ, ಐದು ಸೆಕೆಂಡಿಗೊಮ್ಮೆ ಗುರುತು ಹಾಕಿದರು. ಮಗುವಿಗೆ 240 ಗುರುತು. ವೀಕ್ಷಕರ ಒಮ್ಮತ ಗಟ್ಟಿಯಾಗಿಯೇ ಇತ್ತು. ಆದರೆ ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುವಂತೆಯೇ ಮಾಡಿದ ಗೊಂಬೆಗೆ ಹೊಡೆಯುವುದನ್ನು ‘ಆಕ್ರಮಣ’ ಎನ್ನಬಹುದೇ ಎಂಬ ತಕರಾರು ಇನ್ನೂ ನಿಂತಿಲ್ಲ. ಇಬ್ಬರು ಒಂದೇ ಉತ್ತರ ಕೊಟ್ಟರು ಎಂದ ಮಾತ್ರಕ್ಕೆ ಅವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು ಎಂದಾಗುವುದಿಲ್ಲ. ಹಾಳೆ ಈ ಕಷ್ಟವನ್ನು ನೀಗಿಸುವುದಿಲ್ಲ. ವ್ಯಾಖ್ಯೆಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಬರೆದಿಡುವುದರಿಂದ ತಕರಾರು ಎತ್ತುವವರಿಗೆ ಹಿಡಿಯಲು ಒಂದು ಜಾಗ ಕೊಡುತ್ತದೆ, ಅಷ್ಟೆ. ಬಂಡೂರನ ವರ್ಗಗಳು ಅಚ್ಚಿನಲ್ಲಿದ್ದುದರಿಂದಲೇ ಅವನನ್ನು ಟೀಕಿಸುವುದು ಸಾಧ್ಯವಾಯಿತು.

ಹಾಗಾಗಿ ಪಠ್ಯಕ್ರಮ ಮಂಡಳಿಗಳ ಮುಂದೆ, ಅವಕ್ಕಿಂತ ಹೆಚ್ಚಾಗಿ ಪ್ರಾಕ್ಟಿಕಲ್ ನಡೆಸುವ ಅಧ್ಯಾಪಕರ ಮುಂದೆ, ಒಂದು ಕೋರಿಕೆ. ಭ್ರಮೆಯ ಹಲಗೆಯನ್ನು ಬೀರುವಿಗೆ ಸೇರಿಸಿ ಎನ್ನುತ್ತಿಲ್ಲ. ಅದರ ಪಕ್ಕದಲ್ಲಿ ಒಂದು ವೀಕ್ಷಣೆಯ ಪ್ರಾಕ್ಟಿಕಲ್ ಇರಲಿ. ಮೊದಲ ನಾಲ್ಕೈದು ವಾರ ಹಾಳೆ, ಪೆನ್ಸಿಲ್, ಗಡಿಯಾರ ಮಾತ್ರ. ವಿಡಿಯೋ, ಬೋರಿಸ್ ಅದಾದ ಮೇಲೆ. ರೆಕಾರ್ಡ್ ಬುಕ್ಕಿನಲ್ಲಿ ಒಂದೇ ಅಚ್ಚುಕಟ್ಟಾದ ಹಾಳೆಯ ಬದಲು ಜೋಡಿ ವೀಕ್ಷಕರ ಎರಡೂ ಹಾಳೆಗಳನ್ನು ಅಂಟಿಸಲು ಹೇಳಿ. ಮೊದಲ ಕರಡು ವ್ಯಾಖ್ಯೆ, ತಿದ್ದಿದ ವ್ಯಾಖ್ಯೆ, ಎರಡರ ನಡುವೆ ಬದಲಾದ ಕಪ್ಪಾ ಎಲ್ಲವೂ ಅಲ್ಲಿರಲಿ. ಮೌಲ್ಯಮಾಪನದಲ್ಲಿ ಹೆಚ್ಚಿನ ಅಂಕ ಕಪ್ಪಾದ ಗಾತ್ರಕ್ಕೆ ಬೇಡ. ಎಲ್ಲಿ ಭಿನ್ನಾಭಿಪ್ರಾಯ ಬಂತು, ಯಾಕೆ ಬಂತು, ಏನು ತಿದ್ದಿಕೊಂಡರು ಎಂಬ ಒಂದು ಪುಟದ ವಿವರಣೆಗೆ ಕೊಡಿ. ಕಪ್ಪಾಕ್ಕೆ ಅಂಕ ಕೊಟ್ಟರೆ ಮಾರನೇ ವರ್ಷದಿಂದ ಎಲ್ಲರ ಕಪ್ಪಾವೂ 0.9 ಆಗಿಬಿಡುತ್ತದೆ.